ಐದರಲ್ಲಿ ಎಷ್ಟು ನಕ್ಷತ್ರ?

ಗಣಕ ವಿಭಾಗದವರು ನಮೂನೆ ಕಳಿಸಿದ್ದಾರೆ:
ಹೊಸ ವ್ಯವಸ್ಥೆ ಹೇಗಿದೆ, ಐದರಲ್ಲಿ ಎಷ್ಟು ನಕ್ಷತ್ರ,
ಅನಿಸಿಕೆಯಿದ್ದರೆ ಕೆಳಗಿನ ಪೆಟ್ಟಿಗೆಯಲ್ಲಿ
ಇನ್ನೂರು ಅಕ್ಷರ ಮೀರದಂತೆ.

ಇನ್ನೂರರಲ್ಲಿ ನನ್ನ ಪಾಸ್‌ವರ್ಡುಗಳೇ ಹಿಡಿಸುವುದಿಲ್ಲ.
ಮೂರು ತಿಂಗಳಿಗೊಮ್ಮೆ ಬದಲಿಸು ಎನ್ನುತ್ತದೆ.
ಸತ್ತ ನಾಯಿಗಳ ಹೆಸರೆಲ್ಲ ಮುಗಿದವು,
ಬಿಟ್ಟುಬಂದ ಗಂಡನ ಹೆಸರು ಕೊಟ್ಟು ನೋಡಿದೆ.
‘ದುರ್ಬಲ’ ಎಂದಿತು.
ಅದೊಂದು ಸಲ
ಯಂತ್ರದ ತಿಳಿವಳಿಕೆಗೆ ತಲೆದೂಗಿದ್ದೇನೆ.

ಇದು ತೆಮುಕೊ. ಜೂನ್ ತಿಂಗಳು.
ಮನೆಮನೆಯ ಒಲೆಯಲ್ಲಿ ಹಸಿ ಸೌದೆ,
ಕ್ಯಾಂಪಸ್ಸಿನ ದೀಪಗಳಿಗೂ ಕಣ್ಣುರಿ.
ದಾಖಲೆ ವಿಭಾಗದ ಎರ್ಮಿನಿಯಾ ನಾನು.
ಹತ್ತೊಂಬತ್ತು ವರ್ಷ ಇದೇ ಕುರ್ಚಿ, ಇದೇ ಕೀಲಿಮಣೆ.
ಬೆರಳು ತಾಗಿ ತಾಗಿ ಅಕ್ಷರಗಳೆಲ್ಲ ಬೋಳಾಗಿ
ಬಲಗಡೆಯ ಒಂದು ಕೀಲಿ ಮಾತ್ರ
ಡಬ್ಬಿಯಿಂದ ತೆಗೆದ ದಿನದ ಹಾಗೆ:
ಞ.

ನೆತ್ತಿಯ ಮೇಲೊಂದು ಪುಟ್ಟ ಅಲೆ ಹೊತ್ತ ಅಕ್ಷರ.
ಒತ್ತಿದರೆ ಪರದೆಯ ಮೇಲೆ ಪ್ರಶ್ನೆಯ ಕೊಕ್ಕೆ.
ಹಾಗಾಗಿ ಅಲೆ ಬಿಟ್ಟು ಬರೆಯುವುದೇ ರೂಢಿ.
ಅಲೆ ಬಿಟ್ಟರೆ ನಮ್ಮ ಮಾತಿನಲ್ಲಿ ‘ವರ್ಷ’ ಹೋಗಿ
ಕೂರುವ ಜಾಗದ ಕೆಟ್ಟ ಹೆಸರು ಬರುತ್ತದೆ.
ಅರಣ್ಯಶಾಸ್ತ್ರದ ಹುಡುಗರೆಲ್ಲ ನಮ್ಮ ದಾಖಲೆಯಲ್ಲಿ
ತಲಾ ಇಪ್ಪತ್ತೆರಡು ಹೊತ್ತು ತಿರುಗುತ್ತಿದ್ದರು.
ನಕ್ಕೆವು. ನಗು ಹಳತಾಯಿತು.

ಮಿಯಾರಾಯ್ ಞಾಂಕುಪಿಲ್ ನಗಲಿಲ್ಲ.
ಮೊದಲ ವರ್ಷದ ಪ್ರಮಾಣಪತ್ರವನ್ನು ಗಾಜಿನ ಕಿಂಡಿಯೊಳಗೆ ತಳ್ಳಿ
‘ಞಾಂಕು ಅಂದರೆ ಬಿಳಿಯೆದೆಯ ಗಿಡುಗ, ಮೇಡಂ.
ಇದು ಯಾವ ಹಕ್ಕಿ?’ ಎಂದಳು.

ನಾನು ಪೆನ್ನು ತೆಗೆದು ಅಲೆ ಎಳೆದೆ. ಮೊಹರು ಒತ್ತಿದೆ.
ಕೈಬರಹ ನಿಯಮಕ್ಕೆ ವಿರುದ್ಧ, ಗೊತ್ತು.
ನಾಲ್ಕು ವರ್ಷ, ಎಂಟು ಸೆಮಿಸ್ಟರು, ಎಂಟು ಅಲೆ.
ನಡುವೆ ದೂರು ಬರೆದೆ. ಟಿಕೆಟ್ಟಿನ ಸಂಖ್ಯೆ ಬಂತು,
‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಟಿಕೆಟ್ಟು
ತನ್ನಷ್ಟಕ್ಕೆ ತಾನೇ ಬಾಗಿಲು ಹಾಕಿಕೊಂಡಿತು.
ಮತ್ತೆ ಬರೆದೆ. ಮತ್ತೆ ಬಗೆಹರಿಯಿತು.
ಒಂಬತ್ತು ಸಲ ಬಗೆಹರಿದ ಸಮಸ್ಯೆ
ಮೇಜಿನ ಮೇಲೆ ಬೆಕ್ಕಿನಂತೆ ಮಲಗಿತ್ತು.

ಆಮೇಲೆ ಈ ಹೊಸದು ಬಂತು.
ಕೇಕು, ಬಲೂನು, ರಿಬ್ಬನ್ ಹಾಕಿದ ಪರದೆ.
ಮೊದಲ ಬೆಳಿಗ್ಗೆಯೇ ಅದಕ್ಕೆ ಏನು ಕವಿಯಿತೋ,
ಕಂಡ ಕಂಡ ‘ನ’ದ ತಲೆಗೆಲ್ಲ ಅಲೆ ಏರಿಸಿಬಿಟ್ಟಿತು.
ಉಪಕುಲಪತಿ ನೊರ್ಬೆರ್ತೊ ನಾವಿಯಾ ಅವರು
ಸುತ್ತೋಲೆಯ ಕೊನೆಯಲ್ಲಿ
ಞೊರ್ಬೆರ್ತೊ ಞಾವಿಯಾ ಆಗಿ
ಮೂಗಿನಲ್ಲಿ ಸಹಿ ಹಾಕಿದ್ದರು.

ಹತ್ತೂವರೆಗೆ ಫೋನು.
ಹನ್ನೊಂದಕ್ಕೆ ಗಣಕದವರು ಮೆಟ್ಟಿಲು ಹತ್ತಿ ಓಡಿದರು.
ಊಟದ ಹೊತ್ತಿಗೆ ಎಲ್ಲ ಸರಿ:
‘ನ’ ನವಾಗಿ, ‘ಞ’ ಞವಾಗಿ,
ಯಾರ ತಲೆಗೆ ಯಾವುದೋ ಅದು.

ಅಂದರೆ ಇದು ಎರಡು ಗಂಟೆಯ ಕೆಲಸ.
ಅದನ್ನು ನಾನು ಲೆಕ್ಕ ಹಾಕಿದ್ದು ಬಸ್ಸಿನಲ್ಲಿ, ಮನೆಗೆ ಹೋಗುವಾಗ.
ಕಿಟಕಿಯ ಮಂಜಿನ ಮೇಲೆ ಬೆರಳು ಸುಮ್ಮನೆ
ಅಲೆಯೊಂದು ಎಳೆದು, ಒರೆಸಿತು.

ಮೊನ್ನೆ ಮಿಯಾರಾಯ್ ಪದವಿಪತ್ರಕ್ಕೆ ಬಂದಿದ್ದಳು.
ಅಚ್ಚಾದ ಅಲೆ, ಕಪ್ಪು, ಅಳತೆ ಹಿಡಿದ ಹಾಗೆ.
ಬೆಳಕಿಗೆ ಹಿಡಿದು ನೋಡಿದಳು.
‘ಚೆನ್ನಾಗಿದೆ. ನಿಮ್ಮದು ಸ್ವಲ್ಪ ಸೊಟ್ಟ ಇರುತ್ತಿತ್ತು.’
‘ಚಳಿಗೆ ಕೈ ನಡುಗುತ್ತದಲ್ಲ’ ಎಂದೆ.
‘ಗಾಳಿಯಲ್ಲಿ ಹಕ್ಕಿಯೂ ಹಾಗೇ’ ಎಂದು ಹೊರಟಳು.

ಮೂರು ನಕ್ಷತ್ರ ಕೊಡುತ್ತೇನೆ.
ಒಂದನ್ನು ಪ್ರಿಂಟರಿಗೆ ಸೇರಿಸಿ, ಪಾಪ, ಅದರದೇನೂ ತಪ್ಪಿಲ್ಲ.
ಅನಿಸಿಕೆ: ಮುಂದಿನ ತಿಂಗಳು ಕೊಡುವಿರೆಂದ
ಹೊಸ ಕೀಲಿಮಣೆ ನನಗೆ ಬೇಡ.
ಆ ಒಂದು ಕೀಲಿ
ಈಗಷ್ಟೇ ಸವೆಯತೊಡಗಿದೆ.